ಮಕ್ಕಳನ್ನು ಧಾರ್ಮಿಕ ಬೇಸಿಗೆ ಶಿಬಿರಕ್ಕೆ ಕಳಿಸುವ ಮುಂಚೆ ಏನೇನು ನೋಡಬೇಕು?

ಕಾಗದದ ದೋಣಿ (ಪ್ರಶ್ನೆ)

ರಜೆಗೆ ಇನ್ನು ಎರಡು ತಿಂಗಳಿದೆ. 10 ದಿನದ ವಸತಿ ಶಿಬಿರವೊಂದಕ್ಕೆ ಮಕ್ಕಳ ಹೆಸರು ಬರೆಸಬೇಕೋ ಬೇಡವೋ ಎಂದು ಮನೆಯಲ್ಲಿ ಚರ್ಚೆ ನಡೆದಿದೆ. ಮಗಳಿಗೆ 12, ಮಗನಿಗೆ 8. ನಡೆಸುವವರು ನಮ್ಮದೇ ಧರ್ಮದ ಸಂಸ್ಥೆಯವರು. ಬೆಳಗ್ಗೆ ಪ್ರಾರ್ಥನೆ, ಆಮೇಲೆ ಬಾಯಿಪಾಠ, ಧರ್ಮಗ್ರಂಥದ ಪರಿಚಯ, ಸಂಜೆ ಆಟ, ರಾತ್ರಿ ಕಥೆ ಎಂದು ಕರಪತ್ರದಲ್ಲಿದೆ. ‘ನಾಲ್ಕು ಒಳ್ಳೆಯ ಮಾತು ಕಿವಿಗೆ ಬೀಳಲಿ’ ಎಂದು ಒಬ್ಬರು, ‘ಏನು ತಲೆಗೆ ತುಂಬುತ್ತಾರೋ ಯಾರಿಗೆ ಗೊತ್ತು’ ಎಂದು ಇನ್ನೊಬ್ಬರು.

ಧರ್ಮ ಬೇಕೋ ಬೇಡವೋ ಅನ್ನುವ ಜಗಳ ದಯವಿಟ್ಟು ಇಲ್ಲಿ ಬೇಡ. ಗೊತ್ತಿರುವವರು ಇಷ್ಟು ಹೇಳಿ: ಆಯೋಜಕರನ್ನು ಏನು ಕೇಳಬೇಕು, ಯಾವ ಉತ್ತರ ಬಂದರೆ ಹಿಂದೆ ಸರಿಯಬೇಕು? ಬೋಧನೆ ಎಲ್ಲಿಯವರೆಗೆ ಸರಿ, ಎಲ್ಲಿಂದಾಚೆ ಅತಿ? ‘10 ದಿನ ಫೋನ್ ಇಲ್ಲ’ ಅನ್ನುತ್ತಾರೆ, ಅದು ಸರಿಯೇ? 8 ವರ್ಷದವನಿಗೆ ಇದು ಬೇಗ ಆಯಿತೇ?

ಎಣಿಕೆ ಮೇಷ್ಟ್ರು

ಕರಪತ್ರದಲ್ಲಿರುವುದು ಹಗಲಿನ ಕಾರ್ಯಕ್ರಮ. ನೀವು ಕೇಳಬೇಕಾದದ್ದು ಕರಪತ್ರದಲ್ಲಿ ಇಲ್ಲದ ಹೊತ್ತಿನ ಬಗ್ಗೆ. ಸ್ನಾನದ ಹೊತ್ತು, ಊಟವಾದ ಮೇಲಿನ ಬಿಡುವು, ಆಟದಿಂದ ಕೋಣೆಗೆ ಮರಳುವ ಹತ್ತು ನಿಮಿಷ, ದೀಪ ಆರಿದ ಮೇಲೆ. ಐವತ್ತು ಮಕ್ಕಳ ಮುಂದೆ ಪಾಠ ನಡೆಯುವಾಗ ಅನಾಹುತ ಆಗುವುದು ಕಡಿಮೆ.

ಮೊದಲು ತಲೆ ಎಣಿಸಿ. ಅಮೆರಿಕನ್ ಕ್ಯಾಂಪ್ ಅಸೋಸಿಯೇಷನ್ ವಸತಿ ಶಿಬಿರಗಳಿಗೆ ಒಂದು ಅಳತೆ ಇಟ್ಟಿದೆ: 6ರಿಂದ 8 ವರ್ಷದ 6 ಮಕ್ಕಳಿಗೆ ಒಬ್ಬರು, 9ರಿಂದ 14ರ 8 ಮಕ್ಕಳಿಗೆ ಒಬ್ಬರು, 15ರಿಂದ 18ರ 10 ಮಕ್ಕಳಿಗೆ ಒಬ್ಬರು. ಇದು ಎಲ್ಲೆಡೆಯ ಕಾನೂನಲ್ಲ, ಅಳೆಯಲು ಒಂದು ಕೋಲು ಅಷ್ಟೆ. ಆಯೋಜಕರು ಇಲ್ಲೇ ಲೆಕ್ಕ ತಪ್ಪಿಸುತ್ತಾರೆ, ಬಹಳ ಸಲ ತಮಗೇ ಗೊತ್ತಿಲ್ಲದೆ. ‘60 ಮಕ್ಕಳಿಗೆ 15 ಜನ ಇದ್ದೇವೆ’ ಅಂದರೆ ನಾಲ್ವರಿಗೊಬ್ಬರು ಎಂದು ಕೇಳಿಸುತ್ತದೆ. ಅದರಲ್ಲಿ ಅಡುಗೆಮನೆಗೆ 4, ಕಚೇರಿಗೆ 2, ಗಾಡಿ ಓಡಿಸುವವರು 1, ಬೆಳಗ್ಗೆ ಬಂದು ಪ್ರವಚನ ಮಾಡಿ ಹೋಗುವವರು 2. ಉಳಿದದ್ದು 6. ಅಂದರೆ ಹತ್ತು ಮಕ್ಕಳಿಗೆ ಒಬ್ಬರು. ಆ ಆರರಲ್ಲಿ ರಾತ್ರಿ ಎಷ್ಟು ಜನ ಎದ್ದಿರುತ್ತಾರೆ, ಎಷ್ಟು ಜನ ಮಕ್ಕಳ ಹತ್ತಿರವೇ ಮಲಗುತ್ತಾರೆ ಎಂದು ಕೇಳಿ. 16, 17 ವರ್ಷದ ‘ಹಿರಿಯ ವಿದ್ಯಾರ್ಥಿ ಸ್ವಯಂಸೇವಕ’ರನ್ನು ದೊಡ್ಡವರ ಲೆಕ್ಕಕ್ಕೆ ಸೇರಿಸಿದ್ದರೆ ಕಳೆಯಿರಿ. ಅವರೂ ಮಕ್ಕಳೇ.

ಎರಡನೆಯದು ಇಬ್ಬರ ನಿಯಮ. ಒಬ್ಬ ದೊಡ್ಡವರು ಒಂದೇ ಮಗುವಿನ ಜೊತೆ ಮುಚ್ಚಿದ ಬಾಗಿಲ ಹಿಂದೆ ಇರಬಾರದು. ಆಪ್ತ ಸಲಹೆ, ತಪ್ಪೊಪ್ಪಿಗೆ, ವಿಶೇಷ ಆಶೀರ್ವಾದ, ಗಾಯಕ್ಕೆ ಔಷಧಿ, ಕಾರಣ ಯಾವುದೇ ಇರಲಿ. ಮಗು ಗುಟ್ಟಾಗಿ ಮಾತಾಡಬೇಕು ಅಂದರೆ ಜಗುಲಿಯ ತುದಿಯಲ್ಲಿ ಕೂತು ಮಾತಾಡಲಿ. ಮಾತು ಬೇರೆಯವರಿಗೆ ಕೇಳದಿದ್ದರೂ ಚಿಂತೆಯಿಲ್ಲ, ಇಬ್ಬರೂ ಕಣ್ಣಿಗೆ ಕಾಣುತ್ತಿರಬೇಕು. ಧಾರ್ಮಿಕ ಶಿಬಿರಗಳಲ್ಲಿ ಈ ನಿಯಮ ಮುರಿಯುವುದು ಕೆಳಗಿನವರಿಂದಲ್ಲ, ಮೇಲಿನವರಿಂದ. ಸ್ವಯಂಸೇವಕನಿಗೆ ಇರುವ ನಿರ್ಬಂಧ ಪೂಜ್ಯರಿಗೆ ಇರುವುದಿಲ್ಲ. ‘ಅವರ ವಿಷಯದಲ್ಲಿ ಹಾಗೆಲ್ಲ ಕೇಳಬಾರದು’ ಎಂಬ ಉತ್ತರ ಬಂದರೆ ಅಲ್ಲಿಗೇ ಫಾರಂ ಮಡಚಿಡಿ. ಶ್ರದ್ಧೆ ಕಡಿಮೆಯಾಗಿ ಹೀಗೆ ಹೇಳುತ್ತಿಲ್ಲ. ನಿಯಮ ಎಲ್ಲರಿಗೂ ಒಂದೇ ಇದ್ದರೆ ಮಾತ್ರ ಅದು ನಿಯಮ.

ಇನ್ನೊಂದು ಪ್ರಶ್ನೆ ಬಹಳ ಜನ ಕೇಳುವುದೇ ಇಲ್ಲ: ‘ಹೋದ ಸಲ ಏನೇನು ದೂರು ಬಂತು, ಏನು ಮಾಡಿದಿರಿ?’ ‘ನಮ್ಮಲ್ಲಿ ಇವತ್ತಿನವರೆಗೆ ಒಂದೇ ಒಂದು ದೂರಿಲ್ಲ’ ಎಂಬ ಉತ್ತರ ಕೇಳಲು ಹಿತ. ಆದರೆ 60 ಮಕ್ಕಳು 10 ದಿನ ಒಟ್ಟಿಗೆ ಇದ್ದು ಒಂದೂ ದೂರು ಬರಲಿಲ್ಲ ಅಂದರೆ ದೂರು ಹೇಳುವ ದಾರಿಯೇ ಇಲ್ಲ ಎಂದು ಅರ್ಥ. ‘ಇಬ್ಬರು ಹುಡುಗರು ಒಬ್ಬನನ್ನು ಕಾಡಿದರು, ಕೋಣೆ ಬದಲಿಸಿದೆವು, ಮನೆಗೆ ತಿಳಿಸಿದೆವು’ ಎಂದು ಹೇಳುವವರನ್ನು ಹೆಚ್ಚು ನಂಬಬಹುದು. ಸ್ವಯಂಸೇವಕರನ್ನು ಹೇಗೆ ಆರಿಸುತ್ತೀರಿ ಎಂದೂ ಕೇಳಿ. ಲಿಖಿತ ಅರ್ಜಿ, ಸಂಸ್ಥೆಯ ಹೊರಗಿನ ಇಬ್ಬರ ಶಿಫಾರಸು, ಪೊಲೀಸ್ ದಾಖಲೆಯ ಪರಿಶೀಲನೆ, ಶಿಬಿರಕ್ಕೆ ಮುಂಚೆ ಕನಿಷ್ಠ ಒಂದು ದಿನದ ತರಬೇತಿ. ‘ಎಲ್ಲರೂ ನಮ್ಮವರೇ, ವರ್ಷಗಳಿಂದ ಬರುವವರು’ ಅನ್ನುವುದು ಪರಿಶೀಲನೆ ಅಲ್ಲ, ಪರಿಚಯ.

ಜಾಗವನ್ನು ಮಕ್ಕಳಿಲ್ಲದೆ ಒಮ್ಮೆ ನೋಡಿ ಬನ್ನಿ. ಪ್ರಾರ್ಥನಾ ಮಂದಿರ ಬಿಡಿ, ಅದು ಹೇಗೂ ಚೆನ್ನಾಗಿರುತ್ತದೆ. ಶೌಚಾಲಯ ನೋಡಿ. ವಿಶ್ವ ಆರೋಗ್ಯ ಸಂಸ್ಥೆ ಶಾಲೆಗಳಿಗೆ ಹೇಳಿರುವುದು 25 ಹುಡುಗಿಯರಿಗೆ ಒಂದು. ಹುಡುಗರಿಗಾದರೆ 50 ಜನಕ್ಕೆ ಒಂದು, ಜೊತೆಗೆ ಮೂತ್ರಾಲಯ. ವಸತಿ ಶಿಬಿರಕ್ಕೆ ಅದು ಸಾಲದು, ಯಾಕೆಂದರೆ ಬೆಳಗಿನ ಒಂದು ಗಂಟೆಯಲ್ಲಿ ಎಲ್ಲರೂ ಹೋಗಬೇಕು. ಒಬ್ಬರಿಗೆ ಆರು ನಿಮಿಷ ಹಿಡಿದರೂ ಗಂಟೆಗೆ ಒಂದರಲ್ಲಿ ಹತ್ತು ಮಕ್ಕಳು. 60 ಮಕ್ಕಳಿಗೆ ಆರು ಬೇಕು. ಮೂರೇ ಇದ್ದರೆ ಚಿಕ್ಕವರು ಸರದಿಯಲ್ಲಿ ಹಿಂದೆ ಬಿದ್ದು ತಡೆದುಕೊಳ್ಳುತ್ತಾರೆ, ಮೂರನೇ ದಿನಕ್ಕೆ ಮಲಬದ್ಧತೆ, ಹೊಟ್ಟೆನೋವು, ಆಮೇಲೆ ‘ಮನೆಗೆ ಹೋಗ್ಬೇಕು’ ಎಂಬ ಅಳು. ಒಳಗಿನ ಚಿಲಕ ಕೈಯಾರೆ ಹಾಕಿ ನೋಡಿ. ಮಲಗುವ ಹಾಲ್‌ಗೆ ಎರಡು ಬಾಗಿಲು ಇವೆಯೇ, ರಾತ್ರಿ ಹೊರಗಿನಿಂದ ಬೀಗ ಹಾಕುತ್ತಾರೆಯೇ ಎಂದು ನೋಡಿ. ದೀಪ, ಮೇಣದ ಬತ್ತಿ, ಧೂಪ ಇರುವ ಕಡೆ ಇದು ಸಣ್ಣ ವಿಷಯವಲ್ಲ.

ನದಿ, ಕೆರೆ, ಕೊಳ ಹತ್ತಿರವಿದ್ದರೆ ನೀರಿಗೆ ಇಳಿಸುತ್ತೀರಾ ಎಂದು ನೇರವಾಗಿ ಕೇಳಿ. ಪುಣ್ಯಸ್ನಾನವನ್ನು ಯಾರೂ ‘ಈಜು’ ಎಂದು ಪಟ್ಟಿ ಮಾಡುವುದಿಲ್ಲ, ಹಾಗಾಗಿ ಈಜಿನ ಎಚ್ಚರಿಕೆಗಳೂ ಅಲ್ಲಿ ಇರುವುದಿಲ್ಲ. ಇಳಿಸುವುದೇ ಆದರೆ ಮಕ್ಕಳು ಜೋಡಿಯಾಗಿ ಇಳಿಯಬೇಕು, ಹತ್ತು ನಿಮಿಷಕ್ಕೊಮ್ಮೆ ಜೋಡಿ ಎಣಿಸಬೇಕು, ಎಣಿಸುವವರು ದಡದಲ್ಲೇ ಇರಬೇಕು, ಪ್ರಾರ್ಥನೆ ಹೇಳಿಸುವ ಕೆಲಸ ಅವರಿಗೆ ಇರಬಾರದು. ಮುಳುಗುವ ಮಗು ಕೂಗುವುದಿಲ್ಲ.

ಬೇವಿನ ಕಡ್ಡಿ

ಮೇಷ್ಟ್ರು ಹೇಳಿದ್ದಕ್ಕೆಲ್ಲ ನನ್ನ ಸಹಿ ಇದೆ. ಬೋಧನೆಯ ಬಗ್ಗೆ ನಾನು ಹೇಳುತ್ತೇನೆ.

ಏನು ಕಲಿಸುತ್ತಾರೆ ಅನ್ನುವುದಕ್ಕಿಂತ ಒಂದು ಮಗು ‘ನಾನು ಮಾಡಲ್ಲ’ ಅಂದಾಗ ಏನಾಗುತ್ತದೆ ಅನ್ನುವುದನ್ನು ಕೇಳಿ. ಪ್ರಾರ್ಥನೆಗೆ ಕಣ್ಣು ಮುಚ್ಚದ ಮಗು, ಪಾದ ಮುಟ್ಟಲು ಹಿಂಜರಿಯುವ ಮಗು, ‘ದೇವರನ್ನು ಯಾರು ಮಾಡಿದ್ದು’ ಎಂದು ಮೂರನೇ ಸಲ ಕೇಳುವ ಮಗು. ಅವರನ್ನು ಸುಮ್ಮನೆ ಕೂರಲು ಬಿಡುತ್ತಾರೋ, ಎಲ್ಲರ ಮುಂದೆ ನಿಲ್ಲಿಸುತ್ತಾರೋ, ಅವರಿಂದಾಗಿ ಇಡೀ ತಂಡದ ಅಂಕ ಕಡಿಮೆ ಮಾಡುತ್ತಾರೋ? ಮೂರನೆಯದು ಎಲ್ಲಕ್ಕಿಂತ ಕೆಟ್ಟದ್ದು. ದೊಡ್ಡವರು ಕೈ ಕಟ್ಟಿ ಕೂರುತ್ತಾರೆ, ಶಿಕ್ಷೆಯನ್ನು ಮಕ್ಕಳೇ ಮಕ್ಕಳಿಗೆ ಕೊಡುತ್ತಾರೆ.

ಮಕ್ಕಳ ಹಕ್ಕುಗಳ ಕುರಿತ ವಿಶ್ವಸಂಸ್ಥೆಯ 1989ರ ಒಡಂಬಡಿಕೆಯ 14ನೇ ವಿಧಿ ಎರಡನ್ನೂ ಒಟ್ಟಿಗೆ ಹೇಳುತ್ತದೆ: ಮಗುವಿಗೆ ವಿಚಾರ, ಆತ್ಮಸಾಕ್ಷಿ, ಧರ್ಮದ ಸ್ವಾತಂತ್ರ್ಯ ಇದೆ, ಮಗು ಬೆಳೆದಂತೆ ಅದಕ್ಕೆ ತಕ್ಕ ರೀತಿಯಲ್ಲಿ ದಾರಿ ತೋರಿಸುವ ಹಕ್ಕು, ಹೊಣೆ ತಂದೆತಾಯಿಯದು. ನಿಮ್ಮ ಮನೆಯ ಎರಡೂ ಅಭಿಪ್ರಾಯ ಇದರಲ್ಲಿವೆ. ‘ಬೆಳೆದಂತೆ’ ಅನ್ನುವ ಮಾತು ಮುಖ್ಯ. 8ರವನಿಗೂ 12ರವಳಿಗೂ ಒಂದೇ ಪಾಠ ಹೇಳುವ ಶಿಬಿರ ಅರ್ಧ ಕೆಲಸ ಮಾಡಿದ ಹಾಗೆ. ಏಳರಿಂದ ಹನ್ನೊಂದರ ಸುಮಾರಿನ ಮಕ್ಕಳು ಕಥೆಯನ್ನು ಅಕ್ಷರಶಃ ತೆಗೆದುಕೊಳ್ಳುತ್ತಾರೆ. ನರಕದಲ್ಲಿ ಕಾದ ಎಣ್ಣೆ ಅಂದರೆ ಅವರಿಗೆ ಅದು ರೂಪಕವಲ್ಲ, ವಿಳಾಸ ಗೊತ್ತಿಲ್ಲದ ಒಂದು ಜಾಗ. ಹೇಳುವವರು ನೀತಿ ಹೇಳಿದೆ ಅಂದುಕೊಳ್ಳುತ್ತಾರೆ, ಮಗು ರಾತ್ರಿ ಎದ್ದು ಕೂರುತ್ತದೆ. ಆದ್ದರಿಂದ ರಾತ್ರಿ ಕಥೆ ಎಂದು ಬರೆದಿದ್ದರೆ ಯಾವ ಕಥೆಗಳು ಎಂದು ಕೇಳಿ. ದೀಪ ಆರುವ ಮುಂಚಿನ ಕೊನೆಯ ಮಾತು ಪಾಪ, ಶಿಕ್ಷೆ, ಸಾವು ಆಗಿರಬಾರದು.

ವೇಳಾಪಟ್ಟಿಯನ್ನು ಗಂಟೆಗಂಟೆಯಾಗಿ ಕೇಳಿ ಪಡೆಯಿರಿ, ಪಡೆದು ನಿದ್ದೆಯ ಲೆಕ್ಕ ಹಾಕಿ. ಅಮೆರಿಕದ ನಿದ್ರಾ ವೈದ್ಯರ ಸಂಘ 2016ರಲ್ಲಿ ಕೊಟ್ಟ ಅಂಕಿ: 6ರಿಂದ 12 ವರ್ಷದವರಿಗೆ 9ರಿಂದ 12 ಗಂಟೆ, 13ರಿಂದ 18ರವರಿಗೆ 8ರಿಂದ 10 ಗಂಟೆ. ರಾತ್ರಿ 9.30ಕ್ಕೆ ದೀಪ ಆರಿಸಿ ಬೆಳಗ್ಗೆ 4.30ಕ್ಕೆ ಎಬ್ಬಿಸಿದರೆ ಏಳು ಗಂಟೆ. ಅದರಲ್ಲಿ ಮೊದಲ ಅರ್ಧ ಗಂಟೆ ಪಿಸುಗುಟ್ಟುವಿಕೆಯಲ್ಲಿ ಹೋಗುತ್ತದೆ. ದಿನಕ್ಕೆ ಎರಡೂವರೆ ಗಂಟೆ ಸಾಲ, ನಾಲ್ಕನೇ ದಿನಕ್ಕೆ ಹತ್ತು ಗಂಟೆ. ಮಧ್ಯಾಹ್ನ ಒಂದೂವರೆ ಗಂಟೆ ನಿಜವಾಗಿ ಮಲಗಿಸಿದರೆ ಅರ್ಧಕ್ಕಿಂತ ಹೆಚ್ಚು ತೀರುತ್ತದೆ. ‘ಮೌನ ವಿಶ್ರಾಂತಿ’ ಎಂದು ಗೋಡೆಗೆ ಒರಗಿ ಕೂರಿಸಿದರೆ ತೀರುವುದಿಲ್ಲ.

ನಿದ್ದೆಯ ಮಾತು ಬೋಧನೆಯ ಮಧ್ಯೆ ತಂದದ್ದಕ್ಕೆ ಕಾರಣ ಇದೆ. ಬಹಳ ಶಿಬಿರಗಳಲ್ಲಿ ಕೊನೆಯ ರಾತ್ರಿ ಒಂದು ಭಾವುಕ ಕಾರ್ಯಕ್ರಮ ಇರುತ್ತದೆ. ಮಂದ ಬೆಳಕು, ಹಾಡು, ಹೆತ್ತವರ ತ್ಯಾಗದ ಮಾತು, ಒಬ್ಬೊಬ್ಬರಾಗಿ ಅಳು, ಕೊನೆಗೆ ಪ್ರತಿಜ್ಞೆ. ಒಂಬತ್ತು ದಿನ ನಿದ್ದೆಗೆಟ್ಟ ಮಗುವಿಗೆ ಆ ಕಣ್ಣೀರು ಭಕ್ತಿಯೋ ದಣಿವೋ ತಿಳಿಯುವುದಿಲ್ಲ. ಅಳಿಸುವುದೇ ತಪ್ಪು ಎಂದು ನಾನು ಹೇಳುವುದಿಲ್ಲ. ಹಾಡು ಕೇಳಿ ಕಣ್ಣು ತುಂಬುವುದು ಒಳ್ಳೆಯದೇ. ಆ ಹೊತ್ತಿನಲ್ಲಿ ಬರೆಸಿಕೊಳ್ಳುವುದು ತಪ್ಪು. ಪ್ರತಿಜ್ಞೆ, ವ್ರತ, ದೀಕ್ಷೆ, ಸದಸ್ಯತ್ವ, ‘ಜೀವನವಿಡೀ’ ಎಂದು ಶುರುವಾಗುವ ಯಾವುದೇ ಮಾತು ನಮ್ಮ ಲಿಖಿತ ಒಪ್ಪಿಗೆಯಿಲ್ಲದೆ ಬೇಡ ಎಂದು ಫಾರಂನಲ್ಲೇ ಒಂದು ಸಾಲು ಬರೆದು ಸಹಿ ಮಾಡಿ. ಒಪ್ಪದಿದ್ದರೆ ಉತ್ತರ ಸಿಕ್ಕ ಹಾಗೆ.

ಉಪವಾಸ ಇದ್ದರೆ ‘ಐಚ್ಛಿಕ’ ಅನ್ನುವ ಪದ ನಂಬಬೇಡಿ. ಊಟ ಬೇಕಾದವರು ಕೈ ಎತ್ತಿ ಎಂದು ಕೇಳುವುದು ಐಚ್ಛಿಕವಲ್ಲ. ತಟ್ಟೆ ಎಲ್ಲರಿಗೂ ಹಾಕಿರಬೇಕು, ಬೇಡದವರು ಬಿಡಬಹುದು. ಚಿಕ್ಕ ಮಕ್ಕಳ ದೇಹದಲ್ಲಿ ಸಕ್ಕರೆಯ ದಾಸ್ತಾನು ಕಡಿಮೆ, ದೊಡ್ಡವರಿಗಿಂತ ಬೇಗ ತಲೆಸುತ್ತು ಬರುತ್ತದೆ. ನೀರೂ ಬಿಡಿಸುವ ಉಪವಾಸ ಬಿಸಿಲುಗಾಲದಲ್ಲಿ 8ರ ಮಗುವಿಗೆ ಬೇಡವೇ ಬೇಡ.

ಮೂರನೇ ಗಂಟೆ

ಮಗನಿಗೆ 8 ಅಂದರೆ ವಸತಿ ಯಾಕೆ? ಬೆಳಗ್ಗೆ ಹೋಗಿ ಸಂಜೆ ಬರುವ ಶಿಬಿರಕ್ಕೆ ಹಾಕಿ. ಇವನು ಹಗಲಿನ ಶಿಬಿರಕ್ಕೆ, ಅವಳು ವಸತಿ ಶಿಬಿರಕ್ಕೆ. ಅಕ್ಕ ಇದ್ದಾಳೆ ನೋಡ್ಕೋತಾಳೆ ಅಂತ ಜೊತೆಗೆ ಕಳಿಸ್ಬೇಡಿ, ಹುಡುಗರು ಹುಡುಗಿಯರು ಮಲಗೋ ಕಡೆ ಬೇರೆ ಬೇರೆ ಇರುತ್ತೆ, ರಾತ್ರಿ ಅವನಿಗೆ ಅಕ್ಕ ಸಿಗಲ್ಲ. ಹಗಲೆಲ್ಲ ಅವಳಿಗೆ ತಮ್ಮನ ಕಾವಲು. ಇಬ್ಬರ ಶಿಬಿರವೂ ಹಾಳು.

ಅಂಚೆ ಡಬ್ಬಿ

ಫೋನ್ ವಿಷಯ. ಮಕ್ಕಳ ಕೈಗೆ ಫೋನ್ ಕೊಡದಿರುವುದರಲ್ಲಿ ತಪ್ಪೇನಿಲ್ಲ, ಅದಕ್ಕೆ ಕಾರಣವೂ ಇದೆ. ಆದರೆ ‘ಮಗು ಫೋನ್ ಇಟ್ಟುಕೊಳ್ಳುವಂತಿಲ್ಲ’ ಎಂಬುದೂ ‘10 ದಿನ ಮಗುವಿನ ದನಿ ಕೇಳುವಂತಿಲ್ಲ’ ಎಂಬುದೂ ಬೇರೆ ಬೇರೆ. ಮೊದಲನೆಯದನ್ನು ಒಪ್ಪಿ, ಎರಡನೆಯದನ್ನು ಒಪ್ಪಬೇಡಿ.

ಮನೆಯ ಹಂಬಲದ ಬಗ್ಗೆ ಅಮೆರಿಕದ ಮಕ್ಕಳ ವೈದ್ಯರ ಸಂಘ 2007ರಲ್ಲಿ ಒಂದು ವೈದ್ಯಕೀಯ ವರದಿ ಪ್ರಕಟಿಸಿತ್ತು. ಅದರಲ್ಲಿರುವ ಮುಖ್ಯ ಮಾತುಗಳು ಇವತ್ತಿಗೂ ಕೆಲಸಕ್ಕೆ ಬರುತ್ತವೆ. ಹೋಗಬೇಕೋ ಬೇಡವೋ ಅನ್ನುವ ನಿರ್ಧಾರದಲ್ಲಿ ಮಗುವೂ ಪಾಲುದಾರ ಆಗಬೇಕು. ಒತ್ತಾಯದಿಂದ ಹೋದ ಮಗುವಿಗೆ ಹಂಬಲ ಹೆಚ್ಚು. ಹೋಗುವ ಮುಂಚೆ ಎರಡು ಮೂರು ದಿನ ಬಂಧುಗಳ ಅಥವಾ ಸ್ನೇಹಿತರ ಮನೆಯಲ್ಲಿ ಫೋನ್ ಮಾಡದೆ ಇದ್ದು ಅಭ್ಯಾಸವಾಗಲಿ. ಮನೆ ನೆನಪಾಗುವುದು ಸಹಜ ಎಂದು ಮೊದಲೇ ಹೇಳಿ. ಮತ್ತು ‘ಬೇಜಾರಾದ್ರೆ ಒಂದು ಮಾತು ಹೇಳು, ಬಂದು ಕರ್ಕೊಂಡು ಬರ್ತೀವಿ’ ಎಂದು ಮಾತು ಕೊಡಬೇಡಿ. ಆ ಮಾತಿನ ಹಿಂದೆ ‘ನಿನ್ನ ಕೈಲಿ ಆಗಲ್ಲ’ ಅನ್ನುವುದು ಮಗುವಿಗೆ ಕೇಳಿಸುತ್ತದೆ. ಬೇಜಾರಾದ ಮೊದಲ ರಾತ್ರಿಯೇ ಅದು ತಲೆಯಲ್ಲಿ ಸುತ್ತುತ್ತದೆ, ಬೇರೆ ಉಪಾಯ ಹೊಳೆಯುವುದಿಲ್ಲ.

ಅದರ ಬದಲು ಕೈಗೆ ಕೆಲಸ ಕೊಡಿ. ದಿನಕ್ಕೊಂದು ಪತ್ರ, ಲಕೋಟೆ ಮೊದಲೇ ವಿಳಾಸ ಬರೆದು ಹಾಕಿಕೊಡಿ. ಬೇಜಾರಾದರೆ ಯಾರ ಹತ್ತಿರ ಹೇಳಬೇಕು ಎಂದು ಹೆಸರು, ಮುಖ ಪರಿಚಯ ಮಾಡಿಸಿ ಬನ್ನಿ. ಮಕ್ಕಳು ಪಾಪದವರು, ‘ಸ್ವಯಂಸೇವಕರಿಗೆ ಹೇಳು’ ಅಂದರೆ ಯಾವ ಸ್ವಯಂಸೇವಕ ಎಂದು ಹುಡುಕುತ್ತಾ ನಿಲ್ಲುತ್ತಾರೆ.

ಬೇವಿನ ಕಡ್ಡಿ

ಅಂಚೆ ಡಬ್ಬಿ ಅವರೇ, ಒಂದು ಮಾತು ಒಪ್ಪಲಾರೆ. ‘ಬಂದು ಕರ್ಕೊಂಡು ಬರ್ತೀವಿ’ ಅನ್ನಬೇಡಿ ಎಂಬುದು ಸಾಮಾನ್ಯ ಶಿಬಿರಕ್ಕೆ ಸರಿ. ಇಲ್ಲಿ ಇನ್ನೊಂದು ತೂಕ ಇದೆ. ‘ಮನೆ ನೆನಪಾಗುತ್ತಿದೆ’ ಅನ್ನುವ ಮಗುವಿಗೆ ‘ಅದು ಮೋಹ, ಗೆಲ್ಲು’, ‘ದೇವರು ಪರೀಕ್ಷೆ ಮಾಡುತ್ತಿದ್ದಾನೆ’ ಎಂದು ಹೇಳುವವರಿದ್ದಾರೆ. ಹಂಬಲವನ್ನೇ ತಪ್ಪು ಮಾಡಿಬಿಟ್ಟರೆ ಮಗು ನಿಜವಾದ ತೊಂದರೆಯನ್ನೂ ನುಂಗಿಕೊಳ್ಳುತ್ತದೆ. ಮನೆಗೆ ಬರುವ ಬಾಗಿಲು ತೆರೆದಿದೆ ಎಂದು ಅದಕ್ಕೆ ಗೊತ್ತಿರಲೇಬೇಕು.

ಅಂಚೆ ಡಬ್ಬಿ

ಒಪ್ಪಿದೆ, ಬಿಡಿಸಿ ಹೇಳಬೇಕಿತ್ತು. ಬೇಜಾರು ಬೇರೆ, ತೊಂದರೆ ಬೇರೆ. ಮಗುವಿಗೂ ಈ ಎರಡನ್ನು ಬೇರೆ ಮಾಡಿ ಹೇಳಿ: ‘ಬೇಜಾರಾದರೆ ಪತ್ರ ಬರಿ, ಎರಡು ಮೂರು ದಿನಕ್ಕೆ ಹಗುರಾಗುತ್ತೆ. ಯಾರಾದರೂ ಮುಟ್ಟಬಾರದ ಕಡೆ ಮುಟ್ಟಿದರೆ, ಹೊಡೆದರೆ, ಮನೇಲಿ ಹೇಳಬೇಡ ಅಂದರೆ, ಹುಷಾರಿಲ್ಲ ಅಂದರೂ ಕೇಳದೆ ಇದ್ದರೆ, ನಾವು ಆ ರಾತ್ರಿಯೇ ಬರುತ್ತೇವೆ. ಯಾಕೆ ಅಂತ ಅಲ್ಲಿ ಯಾರಿಗೂ ಹೇಳಬೇಕಾಗಿಲ್ಲ.’

ಇದಕ್ಕೊಂದು ಗುಟ್ಟಿನ ಮಾತು ಇಟ್ಟುಕೊಳ್ಳಿ. ಪಕ್ಕದಲ್ಲಿ ಯಾರೋ ನಿಂತು ಕೇಳಿಸಿಕೊಳ್ಳುತ್ತಿದ್ದರೂ ಅನುಮಾನ ಬರದ ವಾಕ್ಯ: ‘ನನ್ನ ಹಸಿರು ಪೆನ್ಸಿಲ್ ಸಿಕ್ತಾ?’ ಅಂತ. ಮನೆಯಲ್ಲಿ ಎರಡು ಮೂರು ಸಲ ಆಟದ ಹಾಗೆ ಅಭ್ಯಾಸ ಮಾಡಿಸಿ, ಇಲ್ಲದಿದ್ದರೆ ಗಾಬರಿಯಲ್ಲಿ ಮರೆತುಹೋಗುತ್ತದೆ. ಆಯೋಜಕರ ಜೊತೆ ಮೂರನೇ ದಿನ, ಆರನೇ ದಿನ ಐದು ನಿಮಿಷದ ಕರೆ ಎಂದು ಮುಂಚೆಯೇ ಗೊತ್ತುಮಾಡಿಕೊಳ್ಳಿ. ಹೊತ್ತು ಮಧ್ಯಾಹ್ನದ್ದಾಗಿರಲಿ. ಮಲಗುವ ಮುಂಚೆ ಮನೆಯವರ ದನಿ ಕೇಳಿದರೆ ಚೆನ್ನಾಗಿದ್ದ ಮಗುವೂ ಅಳುತ್ತದೆ, ಅದನ್ನು ನೋಡಿ ಆಯೋಜಕರು ‘ಇದಕ್ಕೇ ಫೋನ್ ಬೇಡ ಅನ್ನೋದು’ ಅನ್ನುತ್ತಾರೆ.

ಕಾಗದದ ದೋಣಿ

ಎಲ್ಲರಿಗೂ ಧನ್ಯವಾದ. ಆಯೋಜಕರಿಗೆ ಫೋನ್ ಮಾಡಿ ಕೇಳಿದೆ. ವೇಳಾಪಟ್ಟಿ ಕಳಿಸಿದರು, ರಾತ್ರಿ 9ಕ್ಕೆ ಮಲಗುವುದು, 5.30ಕ್ಕೆ ಏಳುವುದು, ಮಧ್ಯಾಹ್ನ ಒಂದು ಗಂಟೆ ಮಲಗಲು ಬಿಡುತ್ತಾರೆ. ಇಬ್ಬರ ನಿಯಮದ ಬಗ್ಗೆ ಕೇಳಿದ್ದಕ್ಕೆ ಸ್ವಲ್ಪ ತಡವರಿಸಿದರು, ‘ಬರೆದಿಲ್ಲ, ಆದರೆ ಪಾಲಿಸುತ್ತೇವೆ’ ಅಂದರು. ವಾರದಲ್ಲಿ ಎರಡು ಕರೆಗೆ ಒಪ್ಪಿದರು.

ಇನ್ನೆರಡು ವಿಷಯ. ಮಗಳಿಗೆ ಉಬ್ಬಸ ಇದೆ. ಮಗ ವಾರಕ್ಕೆ ಒಂದೆರಡು ಸಲ ಹಾಸಿಗೆ ಒದ್ದೆ ಮಾಡುತ್ತಾನೆ. ಇದನ್ನು ಫಾರಂನಲ್ಲಿ ಬರೆಯಬೇಕೇ? ಬರೆದರೆ ಎಲ್ಲರಿಗೂ ಗೊತ್ತಾಗುತ್ತದೆ ಎಂಬ ಅಳುಕು.

ತೂಕದ ಕಲ್ಲು

ಉಬ್ಬಸವನ್ನು ಬರೆಯಲೇಬೇಕು, ಬರೆದರೆ ಮಾತ್ರ ಸಾಲದು. ಧೂಪ, ಅಗರಬತ್ತಿ, ಕರ್ಪೂರ, ಹೋಮದ ಹೊಗೆ, ಮುಚ್ಚಿದ ಕೋಣೆಯ ಮೇಣದ ಬತ್ತಿ, ಹಳೇ ಜಮಖಾನದ ಧೂಳು, ಇವೆಲ್ಲ ಉಬ್ಬಸ ಕೆರಳಿಸುತ್ತವೆ. ಧಾರ್ಮಿಕ ಶಿಬಿರದಲ್ಲಿ ಎಲ್ಲವೂ ಒಂದೇ ಕೋಣೆಯಲ್ಲಿರುತ್ತವೆ. ಮಗಳಿಗೆ ಕಿಟಕಿಯ ಪಕ್ಕ ಜಾಗ ಬೇಕು, ಕೆಮ್ಮು ಶುರುವಾದರೆ ಅನುಮತಿ ಕೇಳದೆ ಎದ್ದುಹೋಗುವ ಸ್ವಾತಂತ್ರ್ಯ ಬೇಕು. ‘ಪ್ರಾರ್ಥನೆಯ ಮಧ್ಯೆ ಏಳಬಾರದು’ ಎಂಬ ಶಿಸ್ತು ಇರುವ ಕಡೆ ಇದನ್ನು ಮೊದಲೇ ಮಾತಾಡಿ. ತಕ್ಷಣ ಉಪಶಮನ ಕೊಡುವ ಇನ್ಹೇಲರ್ ಅವಳ ಚೀಲದಲ್ಲೇ ಇರಬೇಕು, ಕಚೇರಿಯ ಬೀರುವಿನಲ್ಲಿ ಅಲ್ಲ. ಬೀಗದ ಕೈ ಇಟ್ಟುಕೊಂಡವರು ಪೇಟೆಗೆ ಹೋಗಿರುವ ಹೊತ್ತಿಗೇ ಉಬ್ಬಸ ಬರುವುದು. ಎರಡನೇ ಇನ್ಹೇಲರ್ ಒಂದು ಮೇಲ್ವಿಚಾರಕರ ಹತ್ತಿರ ಇರಲಿ, ಸ್ಪೇಸರ್ (ಇನ್ಹೇಲರ್‌ಗೆ ಜೋಡಿಸುವ ಕೊಳವೆ) ಜೊತೆಗೆ. ಎಷ್ಟು ಸಲ ಎಳೆಯಬೇಕು, ಎಷ್ಟು ಹೊತ್ತಿಗೆ ಹಗುರಾಗದಿದ್ದರೆ ಆಸ್ಪತ್ರೆಗೆ ಎಂದು ವೈದ್ಯರಿಂದ ಒಂದು ಹಾಳೆ ಬರೆಸಿ ಕೊಡಿ.

ಹಾಗೆಯೇ ಫಾರಂನಲ್ಲಿ ಇಬ್ಬರ ತೂಕ ಬರೆಯಿರಿ. ಜ್ವರಕ್ಕೆ ಪ್ಯಾರಾಸಿಟಮಾಲ್ ಕೊಡುವುದು ವಯಸ್ಸಿನ ಅಂದಾಜಿನ ಮೇಲಲ್ಲ, ತೂಕದ ಮೇಲೆ: ಕಿಲೋಗೆ 10ರಿಂದ 15 ಮಿಲಿಗ್ರಾಂ, ನಾಲ್ಕರಿಂದ ಆರು ಗಂಟೆ ಅಂತರ, 24 ಗಂಟೆಯಲ್ಲಿ ನಾಲ್ಕು ಸಲಕ್ಕಿಂತ ಹೆಚ್ಚಿಲ್ಲ. 25 ಕಿಲೋ ಮಗುವಿಗೆ ಒಂದು ಸಲಕ್ಕೆ 250ರಿಂದ 375 ಮಿಲಿಗ್ರಾಂ. ಸಿರಪ್‌ಗಳು ಬೇರೆ ಬೇರೆ ಗಾಢತೆಯಲ್ಲಿ ಬರುವುದರಿಂದ ‘ಒಂದು ಚಮಚ’ ಅನ್ನುವುದು ಅಳತೆಯೇ ಅಲ್ಲ. ಸಾಮಾನ್ಯವಾಗಿ ಆಗುವ ತಪ್ಪು ಎಂದರೆ ಬೆಳಗಿನ ಪಾಳಿಯವರು ಕೊಟ್ಟದ್ದು ಮಧ್ಯಾಹ್ನದವರಿಗೆ ಗೊತ್ತಿಲ್ಲದೆ ಮತ್ತೆ ಕೊಡುವುದು. ಔಷಧಿ ಕೊಟ್ಟ ಹೊತ್ತು ಬರೆಯುವ ಪುಸ್ತಕ ಇದೆಯೇ ಎಂದು ಕೇಳಿ.

ಆಸ್ಪತ್ರೆಗೆ ಒಯ್ಯುವ ನಿರ್ಧಾರ ಯಾರದು? ‘ಮೊದಲು ಪ್ರಾರ್ಥನೆ ಮಾಡಿ ನೋಡುತ್ತೇವೆ’ ಎಂಬ ಉತ್ತರವನ್ನು ನಯವಾಗಿಯೇ ಕೇಳಿಸಿಕೊಳ್ಳಿ, ಎರಡೂ ಒಟ್ಟಿಗೆ ಮಾಡಬಹುದಲ್ಲ ಎಂದು ಕೇಳಿ. ರಾತ್ರಿ ಎರಡಕ್ಕೆ ಗಾಡಿ ಇದೆಯೇ, ಓಡಿಸುವವರು ಅಲ್ಲೇ ಮಲಗುತ್ತಾರೆಯೇ, ಆಸ್ಪತ್ರೆ ಎಷ್ಟು ನಿಮಿಷದ ದಾರಿ. ಅಡುಗೆಯ ಬಗ್ಗೆ ಒಂದೇ ಮಾತು: ಬೇಯಿಸಿದ್ದು ಬಿಸಿ ಆರಿ ಎರಡು ಗಂಟೆಗಿಂತ ಹೆಚ್ಚು ಹೊರಗೆ ಇರಬಾರದು. ಪ್ರವಚನ ಉದ್ದವಾದಾಗ ಕಾಯುತ್ತಾ ಕೂತ ಅಡುಗೆಯಿಂದಲೇ ಅರ್ಧ ಶಿಬಿರಕ್ಕೆ ವಾಂತಿಭೇದಿ ಆಗುವುದು.

ಹಾಸಿಗೆ ಒದ್ದೆಯಾಗುವುದು. ಹತ್ತು ವರ್ಷದ ಮಕ್ಕಳಲ್ಲೂ ನೂರಕ್ಕೆ ಸುಮಾರು ಐವರಿಗೆ ಇದು ಇರುತ್ತದೆ. 60 ಮಕ್ಕಳ ಶಿಬಿರದಲ್ಲಿ ನಿಮ್ಮ ಮಗ ಒಬ್ಬನೇ ಆಗಿರುವ ಸಾಧ್ಯತೆ ಕಡಿಮೆ. ಫಾರಂನಲ್ಲಿ ಬೇಡ, ಫಾರಂ ಹತ್ತು ಕೈ ಓಡಾಡುತ್ತದೆ. ಅವನ ಕೋಣೆಯ ಮೇಲ್ವಿಚಾರಕರಿಗೆ ಎದುರಿಗೇ ಹೇಳಿ. ಅವರು ಮಾಡಬೇಕಾದದ್ದು ಇಷ್ಟೇ: ರಾತ್ರಿ 10.30, 11ರ ಹೊತ್ತಿಗೆ ಸದ್ದಿಲ್ಲದೆ ಎಬ್ಬಿಸಿ ಶೌಚಾಲಯಕ್ಕೆ ಕಳಿಸುವುದು, ಬೆಳಗ್ಗೆ ಎಲ್ಲರಿಗಿಂತ ಹತ್ತು ನಿಮಿಷ ಮುಂಚೆ ಎಬ್ಬಿಸುವುದು. ಬಾಗಿಲ ಹತ್ತಿರದ ಹಾಸಿಗೆ, ಗಾಢ ಬಣ್ಣದ ಹೊದಿಕೆ, ಮೂರು ಜೊತೆ ಹೆಚ್ಚಿನ ರಾತ್ರಿ ಬಟ್ಟೆ, ಒದ್ದೆ ಬಟ್ಟೆಗೆ ಜಿಪ್ ಇರುವ ಚೀಲ. ರಾತ್ರಿ ಮೂತ್ರ ಕಡಿಮೆ ಮಾಡುವ ಡೆಸ್ಮೊಪ್ರೆಸಿನ್ ಮಾತ್ರೆ ಕೇಳಿ ಪಡೆಯುವವರು ಇದ್ದಾರೆ. ಅದನ್ನು ವೈದ್ಯರ ಸಲಹೆಯ ಮೇಲೆ ಕೆಲವು ವಾರ ಮುಂಚೆಯೇ ಮನೆಯಲ್ಲಿ ಕೊಟ್ಟು ನೋಡಿರಬೇಕು. ಮಾತ್ರೆ ತೆಗೆದುಕೊಳ್ಳುವ ಒಂದು ಗಂಟೆ ಮುಂಚಿನಿಂದ ಎಂಟು ಗಂಟೆ ನಂತರದವರೆಗೆ ನೀರು ಬಹಳ ಮಿತ. ಎದ್ದ ಕೂಡಲೇ ಲೀಟರ್‌ಗಟ್ಟಲೆ ನೀರು ಕುಡಿಸುವ ಶಿಬಿರಕ್ಕೂ ಈ ಮಾತ್ರೆಗೂ ಆಗಿಬರುವುದಿಲ್ಲ.

ಇನ್ನು 12ರ ಮಗಳು. ಮೊದಲ ಮುಟ್ಟು ಅಲ್ಲೇ ಆಗಬಹುದು. ಪ್ಯಾಡ್ ಚೀಲದಲ್ಲಿರಲಿ, ಬಳಸುವುದು ಹೇಗೆಂದು ಗೊತ್ತಿರಲಿ. ಮುಟ್ಟಾದವರು ಪ್ರಾರ್ಥನೆಗೆ ಬರಬಹುದೇ, ಬೇರೆ ಕೂರಿಸುತ್ತಾರೆಯೇ ಎಂದು ಮುಂಚೆಯೇ ಕೇಳಿ. ನಿಮಗೆ ಆ ಪದ್ಧತಿ ಒಪ್ಪಿಗೆಯೋ ಅಲ್ಲವೋ ಅದು ನಿಮ್ಮ ಮನೆಯ ವಿಷಯ. ಅವಳಿಗೆ ಅದು ಎಲ್ಲರ ಮುಂದೆ ಮೊದಲ ಸಲ ಗೊತ್ತಾಗಬಾರದು.

ಎಣಿಕೆ ಮೇಷ್ಟ್ರು

‘ಬರೆದಿಲ್ಲ, ಆದರೆ ಪಾಲಿಸುತ್ತೇವೆ’ ಅಂದರಲ್ಲ, ಹಾಗಾದರೆ ನೀವೇ ಮೂರು ಸಾಲು ಬರೆದು ವಾಟ್ಸ್ಆ್ಯಪ್‌ನಲ್ಲಿ ಕಳಿಸಿ: ‘ನಾವು ಮಾತಾಡಿದ ಪ್ರಕಾರ’ ಎಂದು ಶುರುಮಾಡಿ. ‘ಸರಿ’ ಎಂದು ಉತ್ತರ ಬಂದರೆ ಬರೆದ ಹಾಗೆಯೇ ಆಯಿತು. ತಡವರಿಸಿದ್ದು ಕೆಟ್ಟ ಲಕ್ಷಣ ಅಲ್ಲ, ಯಾರೂ ಕೇಳಿರಲಿಕ್ಕಿಲ್ಲ. ಸಿಟ್ಟಾಗಿದ್ದರೆ ಬೇರೆ ಮಾತು.

ಫೋಟೊ ವಿಷಯ ಬಿಟ್ಟುಹೋಗಿತ್ತು. ಉಚಿತ ಶಿಬಿರಗಳು ದೇಣಿಗೆಯಿಂದ ನಡೆಯುತ್ತವೆ, ದೇಣಿಗೆ ಫೋಟೊದಿಂದ ಬರುತ್ತದೆ. ಕಣ್ಣು ಮುಚ್ಚಿ ಕೈ ಮುಗಿದ ಮಗುವಿನ ಫೋಟೊ ಐದು ವರ್ಷ ಕಳೆದರೂ ಕರಪತ್ರದಲ್ಲಿ ಇರುತ್ತದೆ. ಫಾರಂನಲ್ಲಿ ಒಪ್ಪಿಗೆಯ ಸಾಲು ಸಣ್ಣ ಅಕ್ಷರದಲ್ಲಿದ್ದರೆ ಹೊಡೆದು ಹಾಕಿ, ಪಕ್ಕದಲ್ಲಿ ಸಹಿ ಮಾಡಿ.

ಹೊಂಗೆ ನೆರಳು

ಅಂಕ, ತಂಡ, ಬಹುಮಾನದ ಬಗ್ಗೆ ಒಂದು ಮಾತು. 1954ರಲ್ಲಿ ಮುಜಾಫರ್ ಶೆರಿಫ್ ಎಂಬ ಮನಶ್ಶಾಸ್ತ್ರಜ್ಞ ಅಮೆರಿಕದ ಒಕ್ಲಹೋಮಾದಲ್ಲಿ ಬೇಸಿಗೆ ಶಿಬಿರದ ಹೆಸರಿನಲ್ಲೇ ಒಂದು ಪ್ರಯೋಗ ಮಾಡಿದ. ಹನ್ನೊಂದರ ಸುಮಾರಿನ 22 ಹುಡುಗರು, ಎರಡು ತಂಡ, ನಡುವೆ ಪಂದ್ಯ. ಕೆಲವೇ ದಿನಗಳಲ್ಲಿ ಬಾವುಟ ಸುಡುವುದು, ಕೋಣೆಗೆ ನುಗ್ಗುವುದು ಶುರುವಾಯಿತು. ಕುಡಿಯುವ ನೀರು ನಿಂತುಹೋದಾಗ ಇಬ್ಬರೂ ಸೇರಿ ಸರಿಮಾಡಬೇಕಾಗಿ ಬಂದಂಥ ಕೆಲಸಗಳಿಂದಲೇ ದ್ವೇಷ ಇಳಿದದ್ದು. ಬರೀ ಎರಡು ತಂಡದ ಹೆಸರಿಗೇ ಇಷ್ಟಾದರೆ ‘ನಾವು’, ‘ಅವರು’ ಎಂದು ಧರ್ಮದ ಹೆಸರಿಟ್ಟರೆ ಎಷ್ಟಾಗಬಹುದು. ಬೇರೆ ಧರ್ಮದವರ ಬಗ್ಗೆ ಏನು ಹೇಳುತ್ತೀರಿ ಎಂದು ಕೇಳಿ. ‘ಏನೂ ಹೇಳುವುದಿಲ್ಲ’ ಒಳ್ಳೆಯ ಉತ್ತರ, ‘ಪಕ್ಕದ ಮನೆಯವರು ಹಬ್ಬಕ್ಕೆ ಕರೆದರೆ ಹೋಗಿ ಎಂದು ಹೇಳುತ್ತೇವೆ’ ಇನ್ನೂ ಒಳ್ಳೆಯದು.

ಬಾಯಿಪಾಠದಿಂದ ಹೆಚ್ಚು ನಿರೀಕ್ಷೆ ಇಟ್ಟುಕೊಳ್ಳಬೇಡಿ. ಹತ್ತು ದಿನದಲ್ಲಿ ಕಲಿತದ್ದು ಪುನರಾವರ್ತನೆ ಇಲ್ಲದಿದ್ದರೆ ಬೇಗ ಹೋಗುತ್ತದೆ, ಜರ್ಮನಿಯ ಮನಶ್ಶಾಸ್ತ್ರಜ್ಞ ಎಬ್ಬಿಂಗ್‌ಹೌಸ್ 1885ರಲ್ಲೇ ತೋರಿಸಿದ್ದು. ಉಳಿಯಬೇಕಾದರೆ ಬಂದ ಮಾರನೇ ದಿನ, ಮೂರು ದಿನಕ್ಕೆ, ವಾರಕ್ಕೆ, ತಿಂಗಳಿಗೆ ಒಮ್ಮೆ ಮನೆಯಲ್ಲಿ ಹೇಳಿಸಿ. ಕಳಿಸಬೇಕು ಅನ್ನುವ ನಿಮ್ಮ ಮನೆಯವರಿಗೆ ಈ ಕೆಲಸ ವಹಿಸಿ, ಜಗಳಕ್ಕೂ ಒಂದು ದಾರಿ ಆಗುತ್ತದೆ.

ಬಂದ ಮೇಲೆ ಮೊದಲ ದಿನ ಮಲಗಲು ಬಿಡಿ, ತಲೆಯಲ್ಲಿ ಹೇನು ನೋಡಿ. ‘ಹೇಗಿತ್ತು’ ಎಂದು ಕೇಳಿದರೆ ‘ಚೆನ್ನಾಗಿತ್ತು’ ಬರುತ್ತದೆ. ‘ರಾತ್ರಿ ನಿನ್ನ ಪಕ್ಕ ಯಾರು ಮಲಗ್ತಿದ್ರು? ಯಾರನ್ನ ಕಂಡ್ರೆ ಎಲ್ಲರಿಗೂ ಭಯ? ಯಾರಿಗೂ ಹೇಳಬೇಡ ಅಂತ ಏನಾದ್ರೂ ಹೇಳಿದ್ರಾ?’ ಹೀಗೆ ಒಂದೊಂದಾಗಿ, ಬೇರೆ ಬೇರೆ ದಿನ, ಏನೋ ಕೆಲಸ ಮಾಡುತ್ತಾ ಕೇಳಿ. ಒಂದೆರಡು ವಾರ ನಿಮಗೇ ಉಪದೇಶ ಮಾಡಬಹುದು, ನಗಬೇಡಿ, ತಾನಾಗಿ ಇಳಿಯುತ್ತದೆ. ಪದೇ ಪದೇ ಕೈ ತೊಳೆಯುವುದು, ಸಣ್ಣ ತಪ್ಪಿಗೂ ಮತ್ತೆ ಮತ್ತೆ ಕ್ಷಮೆ ಕೇಳುವುದು, ಒಂದು ಅಕ್ಷರ ತಪ್ಪಿತು ಎಂದು ಪ್ರಾರ್ಥನೆ ಮೊದಲಿನಿಂದ ಶುರುಮಾಡುವುದು, ಒಬ್ಬರೇ ಮಲಗಲು ಹೆದರುವುದು ಎರಡು ವಾರ ದಾಟಿದರೆ ಅದನ್ನು ಭಕ್ತಿ ಅಂದುಕೊಳ್ಳದೆ ಮಕ್ಕಳ ಮನೋವೈದ್ಯರ ಹತ್ತಿರ ಮಾತಾಡಿ.

ಕಾಗದದ ದೋಣಿ

ಮಗಳನ್ನು ಕೇಳಿದೆವು. ಹೋಗುತ್ತೇನೆ, ಆದರೆ ಕೊನೆಯ ರಾತ್ರಿ ಎಲ್ಲರ ಮುಂದೆ ಮಾತಾಡಿಸಬಾರದು ಎಂದಳು. ಅದನ್ನೂ ಆ ಮೂರು ಸಾಲಿಗೆ ಸೇರಿಸಿ ಕಳಿಸುತ್ತೇವೆ. ಮಗನಿಗೆ ಈ ವರ್ಷ ಹಗಲಿನ ಶಿಬಿರ. ಬಟ್ಟೆಯ ಮೇಲೆ ಹೆಸರು ಹೊಲಿಸಿ ಎಂದು ಪಟ್ಟಿಯಲ್ಲಿದೆ, ಎಲ್ಲಿ ಹೊಲಿಸಬೇಕು?

ಮೂರನೇ ಗಂಟೆ

ಒಳಗಡೆ, ಕಾಲರ್ ಪಟ್ಟಿಯಲ್ಲಿ. ಹೊರಗೆ ಎದೆ ಮೇಲೆ ಬೇಡ, ದಾರಿಲಿ ಹೋಗೋ ಯಾರು ಬೇಕಾದ್ರೂ ಹೆಸರು ಹಿಡಿದು ಕರೀತಾರೆ, ಮಕ್ಕಳು ಪರಿಚಯದವರು ಅಂದ್ಕೋತಾರೆ. ಚಪ್ಪಲಿಗೂ ಹಾಕಿ. ಪ್ರಾರ್ಥನೆ ಹಾಲ್ ಹೊರಗೆ ಮೊದಲು ಕಳೆಯೋದು ಅದೇ.